ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಮತ್ತು ಮೈಸೂರು ಅರಮನೆಯ ಅಗ್ನಿ ಅನಾಹುತ

ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿರುವ ಜಟಿಂಗ ರಾಮೇಶ್ವರ ಬೆಟ್ಟವು ನಾಡಿನ ಅತಿ ಪ್ರಾಚೀನ ಸ್ಥಳಗಳಲ್ಲಿ ಒಂದಾಗಿದೆ. ರಾವಣನೊಡನೆ ಹೋರಾಡಿದ ಜಟಾಯುವು ಬಿದ್ದ ಸ್ಥಳವಿದೆಂಬುದು ಇಲ್ಲಿನ ಸ್ಥಳಪುರಾಣ. ಮೈಸೂರು ಸಂಸ್ಥಾನದ ಶಾಸನ ಸಂಶೋಧಕರಾಗಿದ್ದ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಈ ಬೆಟ್ಟ, ಹೀಗೆ ಒಂದಕ್ಕೊಂದು ಸಮೀಪದಲ್ಲಿರುವ ಮೂರು ಕಡೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದರು. ಜಟಿಂಗ ರಾಮೇಶ್ವರದ ಶಾಸನವಿರುವ ಬಂಡೆಗೆ ಬಳೆಗಾರ ಗುಂಡು ಎಂಬ ಹೆಸರು ಇದೆ. ಜಾತ್ರೆಯ ದಿನಗಳಲ್ಲಿ ಬಳೆಗಾರರು ಇದೇ ಬಂಡೆಯ ಮೇಲೆ ಅಂಗಡಿ ಹೂಡುತ್ತಿದ್ದುದರಿಂದ ಅಕ್ಷರಗಳು ಬಹಳಷ್ಟು ಸವೆದಿವೆ. ಹೀಗಿದ್ದರೂ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಮಳೆ, ಬಿಸಿಲು ಮತ್ತು ಜನಸಂದಣಿಯನ್ನು ತಾಳಿಕೊಂಡು ಆ ಬರಹವು ಇಂದಿಗೂ ಉಳಿದಿದೆ.

ಅದೇ ಚಕ್ರವರ್ತಿಯ ರಾಜಧಾನಿಯಾದ ಪಾಟಲಿಪುತ್ರದ ಕಥೆ ಬೇರೆ. ಇಂದಿನ ಪಾಟ್ನಾ ನಗರದ ಕುಮ್ರಾಹಾರದಲ್ಲಿ 1912–13ರಲ್ಲಿ ಉತ್ಖನನ ನಡೆಸಿದಾಗ ಮೌರ್ಯರ ಕಾಲದ ಎಂಬತ್ತು ಕಂಬಗಳ ಸಭಾಂಗಣದ ನೆಲೆಯು ದೊರೆಯಿತು. ಕಂಬಗಳು ಕಲ್ಲಿನವು, ನೆಲ ಮತ್ತು ಛಾವಣಿ ಮರದವು. ಅಲ್ಲಿ ಕಂಡುಬಂದ ಬೂದಿಯ ಪದರವು ಮರದ ಭಾಗವು ಬೆಂಕಿಗೆ ಆಹುತಿಯಾದುದನ್ನು ಸೂಚಿಸುತ್ತದೆ.

ಜಟಿಂಗ ರಾಮೇಶ್ವರದ ಶಾಸನವು ಬೆಳಕಿಗೆ ಬಂದ ಐದು ವರ್ಷಗಳ ನಂತರ ಇಂತಹುದೇ ಘಟನೆಯು ನಮ್ಮ ಸಂಸ್ಥಾನದ ರಾಜಧಾನಿಯಲ್ಲಿಯೂ ಸಂಭವಿಸಿತು. ಮರದಿಂದ ನಿರ್ಮಿತವಾಗಿದ್ದ ಮೈಸೂರು ಅರಮನೆಯು 1897ರಲ್ಲಿ ಸುಟ್ಟುಹೋಯಿತು. ಆ ಸಮಯದಲ್ಲಿ ರಾಜ್ಯದ ಹೊಣೆಯನ್ನು ಹೊತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು. ಹಿರಿಯೂರು, ಚಳ್ಳಕೆರೆ ಭಾಗದ ಜನರಿಗೆ ವಾಣಿವಿಲಾಸ ಸಾಗರದ ಮೂಲಕ ಈ ಹೆಸರು ಚಿರಪರಿಚಿತ. ಆದರೆ ತಮ್ಮ ಮನೆಯೇ ಬೆಂಕಿಗೆ ಆಹುತಿಯಾದಾಗ ಅವರು ಕೈಗೊಂಡ ತೀರ್ಮಾನದ ಬಗ್ಗೆ ಜನರಿಗೆ ಅಷ್ಟಾಗಿ ತಿಳಿದಂತಿಲ್ಲ. ಕಟ್ಟಡಗಳ ಮರೆಯ ಜಾಗಗಳಲ್ಲಿ ಹರಡುವ ಬೆಂಕಿಯ ಕುರಿತು ಅರಿವು ಮೂಡಿಸುವ ಉದ್ದೇಶದಿಂದ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿವಾಹ

ಕೆಂಪನಂಜಮ್ಮಣ್ಣಿಯವರು 1866ರಲ್ಲಿ ಕಳಲೆಯ ಅರಸು ಮನೆತನದಲ್ಲಿ ಜನಿಸಿದರು. ನಂಜನಗೂಡಿನ ಸಮೀಪದ ಕಳಲೆಯು ಮೈಸೂರು ಸಂಸ್ಥಾನಕ್ಕೆ ದಳವಾಯಿಗಳನ್ನು ನೀಡಿದ ಊರು. ಅರಮನೆಯೊಂದಿಗೆ ಅದರ ವಿವಾಹ ಸಂಬಂಧವೂ ಹಳೆಯದು. 1878ರಲ್ಲಿ, ತಮ್ಮ ಹನ್ನೆರಡನೆಯ ವಯಸ್ಸಿನ ಸುಮಾರಿಗೆ, ಹತ್ತನೆಯ ಚಾಮರಾಜೇಂದ್ರ ಒಡೆಯರ್ ಅವರನ್ನು ವಿವಾಹವಾಗಿ ಮೈಸೂರು ಅರಮನೆಯನ್ನು ಪ್ರವೇಶಿಸಿದರು. ಆ ವೇಳೆಗೆ ಸಂಸ್ಥಾನದ ಆಡಳಿತವು ಇನ್ನೂ ಬ್ರಿಟಿಷ್ ಕಮೀಷನರ ಕೈಯಲ್ಲಿತ್ತು. 1881ರಲ್ಲಿ ಅಧಿಕಾರವು ಒಡೆಯರ ಮನೆತನಕ್ಕೆ ಮರಳಿತು. ಅದೇ ವರ್ಷ ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನ ಬಾಲಕಿಯರ ಶಾಲೆಯೂ ಪ್ರಾರಂಭವಾಯಿತು.

ದಂಪತಿಗಳಿಗೆ ಮೂವರು ಹೆಣ್ಣುಮಕ್ಕಳು ಮತ್ತು ಇಬ್ಬರು ಗಂಡುಮಕ್ಕಳು. ಹಿರಿಯ ಪುತ್ರಿ ಜಯಲಕ್ಷಮ್ಮಣ್ಣಿಯವರು; ಹಿರಿಯ ಪುತ್ರರು 1884ರಲ್ಲಿ ಜನಿಸಿದ ನಾಲ್ಕನೆಯ ಕೃಷ್ಣರಾಜ ಒಡೆಯರ್ ಅವರು.

1894ರ ಡಿಸೆಂಬರ್ 28ರಂದು ಕಲ್ಕತ್ತಾ ಪ್ರವಾಸದಲ್ಲಿದ್ದ ಚಾಮರಾಜೇಂದ್ರ ಒಡೆಯರ್ ಅವರು ಗಂಟಲುಮಾರಿ ರೋಗದಿಂದ ನಿಧನರಾದರು. ಮಹಾರಾಣಿಯವರ ವಯಸ್ಸು ಆಗ ಇಪ್ಪತ್ತೆಂಟರ ಆಸುಪಾಸು. ಪಟ್ಟಕ್ಕೆ ಬಂದ ಪುತ್ರನಿಗೆ ಹತ್ತು ವರ್ಷ. ಬಾಲ ಮಹಾರಾಜರು ಪ್ರಾಪ್ತ ವಯಸ್ಕರಾಗುವವರೆಗೆ ರೀಜೆಂಟರಾಗಿ ರಾಜ್ಯದ ಹೊಣೆಯನ್ನು ನಿರ್ವಹಿಸುವ ಜವಾಬ್ದಾರಿಯು ಮಹಾರಾಣಿಯವರ ಮೇಲೆ ಬಂದಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು ಮತ್ತು ಒಂದು ಮಂಡಳಿಯು ಅವರಿಗೆ ನೆರವಾಗಿದ್ದವು.

ಹಳೆಯ ಅರಮನೆ

1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ನಂತರ ರಾಜಧಾನಿಯು ಮೈಸೂರಿಗೆ ಬದಲಾಯಿತು. ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರಿಗಾಗಿ ಹೊಸ ಅರಮನೆಯನ್ನು ಶೀಘ್ರವಾಗಿ ನಿರ್ಮಿಸಬೇಕಾಯಿತು. 1803ರ ವೇಳೆಗೆ ಸಿದ್ಧವಾದ ಆ ಕಟ್ಟಡದ ಬಹುಭಾಗವು ಮರದ್ದು. ಜಟಿಂಗ ರಾಮೇಶ್ವರದ ಶಾಸನವನ್ನು ಓದಿದ ರೈಸ್ ಅವರೇ ತಮ್ಮ ಗೆಜೆಟಿಯರಿನಲ್ಲಿ ಈ ಅರಮನೆಯನ್ನೂ ವರ್ಣಿಸಿದ್ದಾರೆ. ಮುಂಭಾಗದಲ್ಲಿ ಸೊಗಸಾದ ಕೆತ್ತನೆಯುಳ್ಳ ನಾಲ್ಕು ಮರದ ಕಂಬಗಳು, ಗಾಢ ಬಣ್ಣಗಳು, ದಸರೆಯಲ್ಲಿ ಮಹಾರಾಜರು ದರ್ಶನ ನೀಡುತ್ತಿದ್ದ ಸೆಜ್ಜೆ, ಮಹಡಿಯ ಮೇಲೆ ಅಂಬಾವಿಲಾಸ. ಸುಮಾರು ತೊಂಬತ್ತು ವರ್ಷಗಳ ಕಾಲ ಸಂಸ್ಥಾನದ ವೈಭವವೆಲ್ಲವೂ ಈ ಮರದ ಮನೆಯಲ್ಲಿಯೇ ನಡೆಯಿತು.

ಮರದ ಹಳೆಯ ಕಟ್ಟಡಗಳ ಬಗ್ಗೆ ಸಾಮಾನ್ಯವಾಗಿ ಒಂದು ತಪ್ಪು ತಿಳಿವಳಿಕೆ ಇದೆ. ಕಣ್ಣಿಗೆ ಕಾಣುವ ಕಂಬ, ಬಾಗಿಲು, ಜಂತೆಗಳೇ ಅಪಾಯಕಾರಿ ಎಂದು ಜನರು ಭಾವಿಸುತ್ತಾರೆ. ವಾಸ್ತವವಾಗಿ ದಪ್ಪನಾದ ತೇಗದ ಕಂಬವು ಬೇಗನೆ ಉರಿಯುವುದಿಲ್ಲ. ಮೇಲ್ಮೈ ಕರಿಕಾಗಿ ಆ ಕರಿಯ ಪದರವೇ ಒಳಗಿನ ತಿರುಳನ್ನು ಸ್ವಲ್ಪ ಕಾಲ ರಕ್ಷಿಸುತ್ತದೆ. ಹೆಚ್ಚಿನ ಅಪಾಯವಿರುವುದು ಕಣ್ಣಿಗೆ ಕಾಣದ ಜಾಗಗಳಲ್ಲಿ. ಕೆಳಗಿನ ಅಂತಸ್ತಿನ ಸೂರಿಗೂ ಮೇಲಿನ ಅಂತಸ್ತಿನ ಹಲಗೆಯ ನೆಲಕ್ಕೂ ನಡುವಿನ ಸಂದು, ಗೋಡೆಗೆ ಹೊದಿಸಿದ ಹಲಗೆಯ ಹಿಂಭಾಗ, ಮೆಟ್ಟಿಲಿನ ಅಡಿ, ಹೆಂಚಿನ ಕೆಳಗಿನ ಅಟ್ಟ, ಇವೆಲ್ಲವೂ ಒಣಗಿದ ತೆಳು ಹಲಗೆ, ಧೂಳು, ಜೇಡರ ಬಲೆ, ಇಲಿಯ ಗೂಡು ಮತ್ತು ನಿಂತ ಗಾಳಿಯಿಂದ ತುಂಬಿರುತ್ತವೆ. ಇಂತಹ ಸಂದಿನೊಳಗೆ ಒಮ್ಮೆ ಕಿಡಿ ಹೊಕ್ಕರೆ ಅದು ಯಾರಿಗೂ ಕಾಣದಂತೆ ಹತ್ತಾರು ಅಡಿ ಸಾಗುತ್ತದೆ. ಒಂದು ಕೋಣೆಯಲ್ಲಿ ಬೆಂಕಿ ಆರಿಸುತ್ತಿರುವಾಗಲೇ ಮೂರನೆಯ ಕೋಣೆಯ ಸೂರಿನಿಂದ ಜ್ವಾಲೆ ಹೊರಬರುತ್ತದೆ. ಕೊಡದಿಂದಾಗಲೀ ಕೊಳವೆಯಿಂದಾಗಲೀ ಎರಚಿದ ನೀರು ಹಲಗೆಯ ಹೊರಮುಖವನ್ನು ತೋಯಿಸುತ್ತದೆಯೇ ವಿನಾ ಒಳಗಿನ ಬೆಂಕಿಯನ್ನು ಮುಟ್ಟುವುದಿಲ್ಲ.

1897ರ ಅನಾಹುತ

1897ರ ಫೆಬ್ರವರಿಯಲ್ಲಿ ಅರಮನೆಯಲ್ಲಿ ಹಿರಿಯ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹ ಸಮಾರಂಭವು ನಡೆದಿತ್ತು. ವರ ಎಂ. ಕಾಂತರಾಜ ಅರಸ್ ಅವರು, ಮುಂದೆ ಸಂಸ್ಥಾನದ ದಿವಾನರಾದವರು. ಮಹಾರಾಜರು ಕಾಲವಾದ ನಂತರ ಮನೆಯಲ್ಲಿ ನಡೆದ ಮೊದಲ ದೊಡ್ಡ ಶುಭಕಾರ್ಯ ಇದಾಗಿತ್ತೆಂದು ಭಾವಿಸಬಹುದು. ಅರಮನೆಯ ಮದುವೆ ಎಂದರೆ ನೆಂಟರಿಷ್ಟರು, ಅಡುಗೆಯ ಒಲೆಗಳು, ದೀಪಗಳು, ಚಪ್ಪರ, ಬಟ್ಟೆಯ ಅಲಂಕಾರ ಇವೆಲ್ಲವೂ ಇರುವುದು ಸಹಜ. ಈ ಸಂಭ್ರಮದ ನಡುವೆಯೇ ಬೆಂಕಿ ಕಾಣಿಸಿಕೊಂಡು ಹಳೆಯ ಅರಮನೆಯ ಬಹುಭಾಗವನ್ನು ನಾಶಪಡಿಸಿತು.

ಆ ಕಾಲದಲ್ಲಿ ವಿದ್ಯುತ್ ಪಂಪುಗಳಾಗಲೀ ಇಂದಿನಂತಹ ಅಗ್ನಿಶಾಮಕ ವಾಹನಗಳಾಗಲೀ ಮೈಸೂರಿನಲ್ಲಿ ಇರಲಿಲ್ಲ. ಶಿವನಸಮುದ್ರದ ವಿದ್ಯುತ್ತು ಹುಟ್ಟಲು ಇನ್ನೂ ಐದು ವರ್ಷಗಳು ಬೇಕಾಗಿದ್ದವು. ಇಂತಹ ಕಟ್ಟಡಕ್ಕೆ ಹೊತ್ತಿದ ಬೆಂಕಿಯನ್ನು ಕೈಯಿಂದ ಕೈಗೆ ಸಾಗಿಸಿದ ನೀರಿನಿಂದ ಆರಿಸುವುದು ಅಸಾಧ್ಯವೆಂಬುದು ಅಗ್ನಿಶಾಮಕ ವೃತ್ತಿಯಲ್ಲಿರುವ ಎಲ್ಲರಿಗೂ ತಿಳಿದ ಸಂಗತಿ.

ಪತಿಯನ್ನು ಕಳೆದುಕೊಂಡು ಎರಡು ವರ್ಷ ಕಳೆದಿದ್ದವು. ಮಗಳ ಮದುವೆಯ ಮನೆ ಸುಟ್ಟಿತು. ಮಗ ಇನ್ನೂ ಹನ್ನೆರಡರ ಬಾಲಕ. ಮೂವತ್ತರ ಹರೆಯದ ಆ ತಾಯಿಯು ಮಕ್ಕಳೊಂದಿಗೆ ಸಮೀಪದ ಜಗನ್ಮೋಹನ ಅರಮನೆಗೆ ವಾಸ್ತವ್ಯ ಬದಲಾಯಿಸಿದರು. 1861ರಲ್ಲಿ ನಿರ್ಮಾಣಗೊಂಡಿದ್ದ ಈ ಅರಮನೆಯೇ ಮುಂದಿನ ಸುಮಾರು ಹದಿನೈದು ವರ್ಷಗಳ ಕಾಲ ರಾಜಮನೆತನದ ನೆಲೆಯಾಯಿತು.

ಹೊಸ ಅರಮನೆಯ ತೀರ್ಮಾನ

ಇಲ್ಲಿ ಮಹಾರಾಣಿಯವರ ಮುಂದೆ ಎರಡು ದಾರಿಗಳಿದ್ದವು. ನಾಡಿನ ಬಡಗಿಗಳು ನಿಪುಣರು. ಮಲೆನಾಡಿನಲ್ಲಿ ತೇಗ, ಬೀಟೆಗೆ ಕೊರತೆಯಿರಲಿಲ್ಲ. ಹಳೆಯ ಮಾದರಿಯಲ್ಲಿಯೇ ಮರದ ಅರಮನೆಯನ್ನು ಎರಡು ಮೂರು ವರ್ಷಗಳಲ್ಲಿ ಮತ್ತೆ ನಿಲ್ಲಿಸಬಹುದಾಗಿತ್ತು. ಪುತ್ರನ ಪಟ್ಟಾಧಿಕಾರವು ಸ್ವಂತ ಅರಮನೆಯಲ್ಲಿ ನಡೆಯಲೆಂದು ಯಾವ ತಾಯಿಯೂ ಬಯಸುವುದು ಸಹಜ. ಎರಡನೆಯ ದಾರಿ ಹೆಚ್ಚು ಕಾಲ ಮತ್ತು ಹೆಚ್ಚು ಹಣ ಬೇಡುವಂತಹುದು: ಕಲ್ಲು, ಇಟ್ಟಿಗೆ, ಗಾರೆ ಮತ್ತು ಕಬ್ಬಿಣದಲ್ಲಿ ಕಟ್ಟುವುದು.

ಮಹಾರಾಣಿಯವರು ಎರಡನೆಯದನ್ನು ಆರಿಸಿಕೊಂಡರು. ಮದ್ರಾಸ್ ಸರ್ಕಾರದ ಸಲಹಾ ವಾಸ್ತುಶಿಲ್ಪಿಯಾಗಿದ್ದ ಹೆನ್ರಿ ಇರ್ವಿನ್ ಅವರಿಗೆ ವಿನ್ಯಾಸದ ಕಾರ್ಯವನ್ನು ವಹಿಸಲಾಯಿತು. ಅನಾಹುತ ನಡೆದ ವರ್ಷದ ಅಕ್ಟೋಬರ್ ತಿಂಗಳಲ್ಲಿಯೇ ಕೆಲಸ ಪ್ರಾರಂಭವಾಯಿತು. ಕಡತಗಳ ಚಲನವಲನವನ್ನು ಬಲ್ಲವರಿಗೆ ಈ ಎಂಟು ತಿಂಗಳ ಅವಧಿಯು ಎಷ್ಟು ಕಡಿಮೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಬೂದು ಬಣ್ಣದ ಕಣಶಿಲೆಯ ಮೂರು ಅಂತಸ್ತಿನ ಕಟ್ಟಡ, ಅಮೃತಶಿಲೆಯ ಗುಮ್ಮಟಗಳು, 145 ಅಡಿ ಎತ್ತರದ ಗೋಪುರ. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋ ನಗರದ ವಾಲ್ಟರ್ ಮ್ಯಾಕ್‌ಫರ್ಲೇನ್ ಸಂಸ್ಥೆಯ ಎರಕದ ಮನೆಯಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು. ಅದೇ ಮಂಟಪದ ಮೇಲಿನ ನವಿಲಿನ ಚಿತ್ರಗಳ ಬಣ್ಣದ ಗಾಜಿನ ಸೂರು ಕೂಡ ಗ್ಲಾಸ್ಗೋದಲ್ಲಿಯೇ ಸಿದ್ಧವಾಯಿತು. ಹಳೆಯ ಅರಮನೆಯಲ್ಲಿ ಮರದ ಕಂಬವಿದ್ದ ಕಡೆಗೆ ಕಬ್ಬಿಣ ಮತ್ತು ಕಲ್ಲು ಬಂದವು. ಮರವನ್ನು ಪೂರ್ಣವಾಗಿ ಕೈಬಿಟ್ಟರೆಂದು ಭಾವಿಸಬಾರದು. ಕೆತ್ತನೆಯ ತೇಗದ ಸೂರು, ದಂತದ ಕುಸುರಿಯುಳ್ಳ ಬೀಟೆಯ ಬಾಗಿಲುಗಳು ಇಂದಿಗೂ ಅಲ್ಲಿ ನೋಡಸಿಗುತ್ತವೆ. ಆದರೆ ಕಟ್ಟಡವು ನಿಂತಿರುವುದು ಮರದ ಮೇಲಲ್ಲ. ಮರವು ಅಲಂಕಾರಕ್ಕೆ ಸೀಮಿತವಾಯಿತು.

ಕೆಲಸವು 1912ರಲ್ಲಿ ಪೂರ್ಣಗೊಂಡಿತು. ಒಟ್ಟು ವೆಚ್ಚ ರೂ. 41,47,913. ಪ್ಲೇಗು ಮತ್ತು ಬರದ ವರ್ಷಗಳಲ್ಲಿ ಇಷ್ಟು ದೊಡ್ಡ ಮೊತ್ತ ಸರಿಯೇ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಬಹುದು, ಮತ್ತು ಆ ಪ್ರಶ್ನೆ ಅನುಚಿತವೂ ಅಲ್ಲ. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಈ ಲೇಖಕನು ಲೆಕ್ಕವನ್ನು ಹೀಗೆ ನೋಡುತ್ತಾನೆ: ಹದಿನೈದು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಸರಾಸರಿ ಎರಡೂಮುಕ್ಕಾಲು ಲಕ್ಷ ರೂಪಾಯಿ, ಮರದ ಕಟ್ಟಡವು ತೊಂಬತ್ತು ಚಿಲ್ಲರೆ ವರ್ಷಗಳಲ್ಲಿ ಬೂದಿಯಾಯಿತು, ಈ ಕಟ್ಟಡವು ನೂರು ವರ್ಷಗಳನ್ನು ದಾಟಿಯೂ ಬಳಕೆಯಲ್ಲಿದೆ. ಹಾಗಾಗಿ ಹೆಚ್ಚುವರಿಯಾಗಿ ತಗುಲಿದ ಹಣವನ್ನು ಆಡಂಬರದ ಖಾತೆಗೆ ಮಾತ್ರ ಬರೆಯುವುದು ನ್ಯಾಯವಲ್ಲ.

ಮೇಣದ ತುದಿಯ ಕೊಳವೆಗಳು

ಹೆನ್ರಿ ಇರ್ವಿನ್ ಅವರ ಆಯ್ಕೆಯ ಹಿನ್ನೆಲೆಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಮೈಸೂರಿಗೆ ಬರುವ ಮುನ್ನ ಅವರು ಶಿಮ್ಲಾದಲ್ಲಿ ವೈಸರಾಯ್ ನಿವಾಸವನ್ನು ವಿನ್ಯಾಸಗೊಳಿಸಿದ್ದರು. 1888ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಒಳಭಾಗದಲ್ಲಿ ಮರದ ಕೆಲಸ ಹೇರಳವಾಗಿದೆ. ಅಲ್ಲಿ ಬೆಂಕಿಯ ರಕ್ಷಣೆಗಾಗಿ ತುದಿಯನ್ನು ಮೇಣದಿಂದ ಮುಚ್ಚಿದ ನೀರಿನ ಕೊಳವೆಗಳನ್ನು ಅಳವಡಿಸಲಾಗಿತ್ತು. ಬೆಂಕಿಯ ಬಿಸಿಗೆ ಮೇಣ ಕರಗಿದೊಡನೆ ನೀರು ತಾನಾಗಿಯೇ ಹೊರಚಿಮ್ಮುವ ಏರ್ಪಾಡು ಅದು. ಅಮೆರಿಕದಲ್ಲಿ ಹೆನ್ರಿ ಪಾರ್ಮೆಲಿ 1874ರಲ್ಲಿ ಮತ್ತು ಫ್ರೆಡರಿಕ್ ಗ್ರಿನ್ನೆಲ್ 1880ರ ದಶಕದಲ್ಲಿ ರೂಪಿಸಿದ ಸ್ವಯಂಚಾಲಿತ ಸ್ಪ್ರಿಂಕ್ಲರುಗಳ ತತ್ವವೂ ಇದೇ ಆಗಿದೆ. ಅಲ್ಲಿ ಮೇಣದ ಬದಲಿಗೆ ಬೇಗನೆ ಕರಗುವ ಲೋಹದ ಬೆಸುಗೆ ಇತ್ತು.

ಇಂದಿನ ಸ್ಪ್ರಿಂಕ್ಲರಿನಲ್ಲಿ ಮೇಣದ ಜಾಗವನ್ನು ಬಹುಪಾಲು ಬಣ್ಣದ ದ್ರವ ತುಂಬಿದ ಪುಟ್ಟ ಗಾಜಿನ ಬುಡ್ಡಿಯು ಆಕ್ರಮಿಸಿದೆ. ಕೆಂಪು ಬುಡ್ಡಿಯು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಡೆಯುತ್ತದೆ, ಹಸಿರು ಬುಡ್ಡಿಯು 93 ಡಿಗ್ರಿಯಲ್ಲಿ. ಬಿಸಿಲಿಗೆ ಕಾಯುವ ತಗಡಿನ ಛಾವಣಿಯ ಕೆಳಗೆ ಕೆಂಪು ಬುಡ್ಡಿಯನ್ನು ಹಾಕಿದರೆ ಬೆಂಕಿಯಿಲ್ಲದೆಯೇ ಒಡೆಯುವ ಸಂಭವವಿರುವುದರಿಂದ ಅಲ್ಲಿ ಹೆಚ್ಚಿನ ಉಷ್ಣಾಂಶದ್ದನ್ನು ಬಳಸಬೇಕಾಗುತ್ತದೆ. ಚಳ್ಳಕೆರೆಯ ಬೇಸಿಗೆಯನ್ನು ಕಂಡವರಿಗೆ ಇದರ ಅಗತ್ಯ ತಾನಾಗಿಯೇ ತಿಳಿಯುತ್ತದೆ. ಒಂದು ಬುಡ್ಡಿ ಒಡೆದರೆ ಇಡೀ ಕಟ್ಟಡದ ಎಲ್ಲ ಸ್ಪ್ರಿಂಕ್ಲರುಗಳೂ ನೀರು ಸುರಿಸುತ್ತವೆ ಎಂಬುದು ಚಲನಚಿತ್ರಗಳಿಂದ ಬಂದ ತಪ್ಪು ಕಲ್ಪನೆ. ಬಿಸಿ ತಗುಲಿದ್ದು ಮಾತ್ರ ತೆರೆದುಕೊಳ್ಳುತ್ತದೆ.

ಇದರಿಂದಲೇ ಮರೆಯ ಜಾಗಗಳ ಪ್ರಶ್ನೆಯು ಹುಟ್ಟುತ್ತದೆ. ಕೋಣೆಯ ಸೂರಿಗೆ ಅಳವಡಿಸಿದ ಸ್ಪ್ರಿಂಕ್ಲರು ಕೋಣೆಯ ಬಿಸಿಯನ್ನು ಮಾತ್ರ ಅರಿಯುತ್ತದೆ. ಫಾಲ್ಸ್ ಸೀಲಿಂಗಿನ ಮೇಲ್ಭಾಗದಲ್ಲಿ ವಿದ್ಯುತ್ ತಂತಿಯಿಂದ ಹೊತ್ತಿದ ಬೆಂಕಿಯು ಅದಕ್ಕೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ತಿಳಿದು ಬುಡ್ಡಿ ಒಡೆದರೂ ನೀರು ಕೆಳಮುಖವಾಗಿ ಹೋಗುತ್ತದೆ, ಬೆಂಕಿ ಮೇಲಿರುತ್ತದೆ. ಈ ಕಾರಣದಿಂದ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವು ಸ್ಪ್ರಿಂಕ್ಲರು ಕಡ್ಡಾಯವಿರುವ ಕಟ್ಟಡಗಳಲ್ಲಿ ಫಾಲ್ಸ್ ಸೀಲಿಂಗಿನ ಮೇಲಿನ ಖಾಲಿ ಜಾಗದ ಎತ್ತರವು 800 ಮಿಲಿಮೀಟರ್ ಮೀರಿದ್ದರೆ ಅದರೊಳಗೂ ಪ್ರತ್ಯೇಕವಾಗಿ ಸ್ಪ್ರಿಂಕ್ಲರುಗಳನ್ನು ಅಳವಡಿಸಬೇಕೆಂದು ವಿಧಿಸಿದೆ. ಸ್ಪ್ರಿಂಕ್ಲರು ವ್ಯವಸ್ಥೆಯ ವಿನ್ಯಾಸದ ವಿವರಗಳು ಭಾರತೀಯ ಮಾನಕ ಐಎಸ್ 15105ರಲ್ಲಿ ದೊರೆಯುತ್ತವೆ. ಎತ್ತರವು 800 ಮಿಲಿಮೀಟರಿಗಿಂತ ಕಡಿಮೆಯೆಂದ ಮಾತ್ರಕ್ಕೆ ಆ ಜಾಗದಲ್ಲಿ ಪ್ಲೈವುಡ್, ಥರ್ಮೋಕೋಲ್, ಹಳೆಯ ಕಡತಗಳನ್ನು ಇಡಬಹುದೆಂದು ಅರ್ಥವಲ್ಲ. ಅಂತಸ್ತಿನಿಂದ ಅಂತಸ್ತಿಗೆ ಹೋಗುವ ವಿದ್ಯುತ್ ಡಕ್ಟುಗಳನ್ನು ಎರಡು ಗಂಟೆ ಬೆಂಕಿ ತಡೆಯುವ ಗೋಡೆಯಿಂದ ಸುತ್ತುವರಿದು, ಪ್ರತಿ ಅಂತಸ್ತಿನ ಮಟ್ಟದಲ್ಲಿಯೂ ತಂತಿಗಳ ಸುತ್ತಲಿನ ಸಂದನ್ನು ಬೆಂಕಿ ನಿರೋಧಕ ವಸ್ತುವಿನಿಂದ ಮುಚ್ಚಬೇಕಾಗುತ್ತದೆ.

ಮರೆಯ ಜಾಗವನ್ನು ರಕ್ಷಿಸಲು ನೀರಿನ ಕೊಳವೆಯೊಂದೇ ದಾರಿಯಲ್ಲ. ಖಾಲಿ ಜಾಗವನ್ನೇ ಇಲ್ಲವಾಗಿಸಿ, ಉರಿಯದ ವಸ್ತುವಿನಿಂದ ಒತ್ತಾಗಿ ತುಂಬಿದರೆ ಬೆಂಕಿಗೆ ಓಡಾಡಲು ಗಾಳಿಯೂ ಇಲ್ಲ, ದಾರಿಯೂ ಇಲ್ಲ. ಅಮೆರಿಕದ ಸ್ಪ್ರಿಂಕ್ಲರು ಸಂಹಿತೆಯಲ್ಲಿ ಹೀಗೆ ತುಂಬಿದ ಸಂದುಗಳಿಗೆ ವಿನಾಯಿತಿ ಇದೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ಈ ದೃಷ್ಟಿಯಿಂದ ನೋಡುವುದು ಉಪಯುಕ್ತ. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಸೊಪ್ಪು, ಅದರ ಮೇಲೆ ಒಂದಡಿಯಷ್ಟು ಚೌಳು ಮಣ್ಣು. ಮರವಿದ್ದರೂ ಮೇಲೆ ಖಾಲಿ ಜಾಗವಿಲ್ಲ; ಮಣ್ಣು ನೇರವಾಗಿ ಕೂತಿರುತ್ತದೆ. ಮಳೆ ಸೋರದಿರಲೆಂದು ಹಾಕಿದ ಮಣ್ಣು ಬೆಂಕಿಯನ್ನೂ ತಡೆಯುತ್ತಿತ್ತು. ಇದೇ ಮನೆಗಳಲ್ಲಿ ಸೌದೆ, ಬೆರಣಿ, ಮೇವು, ಹಳೆಯ ಬಟ್ಟೆಗಳನ್ನು ತುಂಬಿದ ಅಟ್ಟವು ಮಾತ್ರ ಅಪಾಯದ ಜಾಗ. ಮಗ್ಗದ ಮನೆಗಳಲ್ಲಿ ಒಲೆಗೂ ರೇಷ್ಮೆಯ ನೂಲು ಇಡುವ ಅಟ್ಟಕ್ಕೂ ನಡುವೆ ಗೋಡೆ ಇರುವುದು ಅವಶ್ಯಕ.

ಮೈಸೂರು ನಗರವೇ ಈ ಪಾಠವನ್ನು ಮತ್ತೊಮ್ಮೆ, ಬಹಳ ದುಬಾರಿ ಬೆಲೆಗೆ, ಕಲಿಯಬೇಕಾಯಿತು. 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕುರಿತ ಧಾರಾವಾಹಿಯ ಚಿತ್ರೀಕರಣದ ವೇಳೆ ಸಂಭವಿಸಿದ ಅಗ್ನಿ ದುರಂತದಲ್ಲಿ 62 ಮಂದಿ ಮೃತಪಟ್ಟರು. ಗೋಡೆಗೆ ಹೊದಿಸಿದ್ದ ಗೋಣಿತಟ್ಟು ಬೆಂಕಿಯು ವೇಗವಾಗಿ ಹರಡಲು ಕಾರಣವಾದ ಅಂಶಗಳಲ್ಲಿ ಒಂದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಡಕ್ಟಿನಲ್ಲಿ ಹುಟ್ಟಿದ ಬೆಂಕಿಯ ಹೊಗೆಯು ಮೇಲಿನ ಅಂತಸ್ತುಗಳನ್ನು ತುಂಬಿ 9 ಮಂದಿ ಪ್ರಾಣ ಕಳೆದುಕೊಂಡರು. ಕಟ್ಟಡವು ಕಾಂಕ್ರೀಟಿನದೇ ಆಗಿತ್ತು. ಕಲ್ಲು, ಕಬ್ಬಿಣ, ಕಾಂಕ್ರೀಟು ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರಲಾಗದು. ಕಬ್ಬಿಣವು ಉರಿಯುವುದಿಲ್ಲವಾದರೂ ಸುಮಾರು 550 ಡಿಗ್ರಿಗೆ ತನ್ನ ಬಲದ ದೊಡ್ಡ ಭಾಗವನ್ನು ಕಳೆದುಕೊಳ್ಳುತ್ತದೆ.

ರೀಜೆಂಟರ ಆಡಳಿತ

ಅರಮನೆಯ ಬೂದಿ ಆರುವ ಮುನ್ನವೇ ಎನ್ನುವಷ್ಟು ಬೇಗ, ಅಂದರೆ 1897ರ ಜೂನ್ 22ರಂದು, ಮಹಾರಾಣಿಯವರು ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಶಂಕುಸ್ಥಾಪನೆ ನೆರವೇರಿಸಿದರು. ಆಸ್ಪತ್ರೆಯು 1900ರಲ್ಲಿ ಉದ್ಘಾಟನೆಗೊಂಡಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದುದು ಈ ಕಾಲದಲ್ಲಿಯೇ. ಶಿವನಸಮುದ್ರದ ಜಲವಿದ್ಯುತ್ ಕೇಂದ್ರವು 1902ರ ಜೂನ್‌ನಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ರವಾನಿಸಿತು.

ಚಿತ್ರದುರ್ಗ ಜಿಲ್ಲೆಗೆ ಸಂಬಂಧಿಸಿದಂತೆ ಅತಿ ಮುಖ್ಯವಾದ ಕಾಮಗಾರಿಯು ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಕಟ್ಟಿದ ಅಣೆಕಟ್ಟು. 1898ರಲ್ಲಿ ಪ್ರಾರಂಭವಾಗಿ 1907ರಲ್ಲಿ ಪೂರ್ಣಗೊಂಡ ಈ ಜಲಾಶಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಸಂಪೂರ್ಣ ಕಲ್ಲುಕಟ್ಟಡ, ಸಾಮರ್ಥ್ಯ ಸುಮಾರು 30 ಟಿಎಂಸಿ ಅಡಿ. ಅರಮನೆ ಮತ್ತು ಅಣೆಕಟ್ಟು ಎರಡರ ಕೆಲಸವೂ ಏಕಕಾಲದಲ್ಲಿ ಸಾಗುತ್ತಿದ್ದವು ಎಂಬುದನ್ನು, ಮತ್ತು ಜನರಿಗೆ ಬೇಕಾದ ಅಣೆಕಟ್ಟು ಅರಮನೆಗಿಂತ ಐದು ವರ್ಷ ಮೊದಲೇ ಮುಗಿಯಿತು ಎಂಬುದನ್ನು ಇಲ್ಲಿ ದಾಖಲಿಸುವುದು ಸೂಕ್ತ.

1900ರ ಜೂನ್‌ನಲ್ಲಿ ಬಾಲ ಮಹಾರಾಜರ ವಿವಾಹವು ಕಾಠಿಯಾವಾಡದ ರಾಜಕುಮಾರಿ ಪ್ರತಾಪಕುಮಾರಿಯವರೊಂದಿಗೆ ನೆರವೇರಿತು. ಸ್ಥಳ ಜಗನ್ಮೋಹನ ಅರಮನೆ. ಮೂರು ವರ್ಷಗಳ ಹಿಂದೆ ಒಂದು ಮದುವೆಯ ಮನೆ ಹೊತ್ತಿ ಉರಿದುದನ್ನು ಕಂಡಿದ್ದ ತಾಯಿಯು ಈ ಮದುವೆಯ ದೀಪಗಳನ್ನು ಎಂತಹ ಮನಸ್ಸಿನಿಂದ ನೋಡಿರಬಹುದೆಂಬುದನ್ನು ಓದುಗರೇ ಊಹಿಸಬಹುದು. 1902ರ ಆಗಸ್ಟ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ಅವರ ಸಮ್ಮುಖದಲ್ಲಿ ನಾಲ್ಕನೆಯ ಕೃಷ್ಣರಾಜ ಒಡೆಯರ್ ಅವರು ಅಧಿಕಾರ ವಹಿಸಿಕೊಂಡ ಸಮಾರಂಭವೂ ಜಗನ್ಮೋಹನದಲ್ಲಿಯೇ ನಡೆಯಿತು. ಹೊಸ ಅರಮನೆಯ ಗೋಡೆಗಳು ಆಗ ಇನ್ನೂ ಏಳುತ್ತಿದ್ದವು. ಅವಸರಪಡಿಸಲಿಲ್ಲ.

ನಂತರದ ವರ್ಷಗಳು

ಅಧಿಕಾರವನ್ನು ಪುತ್ರನಿಗೆ ಒಪ್ಪಿಸಿದ ನಂತರ ಮಹಾರಾಣಿಯವರು ಆಡಳಿತದಿಂದ ದೂರ ಸರಿದರು. ಸಂಸಾರದ ದುಃಖಗಳು ಕಡಿಮೆಯಿರಲಿಲ್ಲ. ಪುತ್ರಿ ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗಕ್ಕೆ ತುತ್ತಾದರು. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಅವರ ಹೆಸರು ಇದೆ. 1912ರಲ್ಲಿ ಹೊಸ ಅರಮನೆ ಪೂರ್ಣಗೊಂಡಾಗ ಮಹಾರಾಣಿಯವರಿಗೆ ನಲವತ್ತಾರರ ಸುಮಾರು. ಹನ್ನೆರಡರ ವಯಸ್ಸಿನಲ್ಲಿ ಮರದ ಅರಮನೆಗೆ ಸೊಸೆಯಾಗಿ ಬಂದವರು ಕಲ್ಲಿನ ಅರಮನೆಗೆ ರಾಜಮಾತೆಯಾಗಿ ಪ್ರವೇಶಿಸಿದರು.

ಅವರು 1934ರಲ್ಲಿ ನಿಧನರಾದರು. ಬೆಂಗಳೂರಿನಲ್ಲಿ ಅವರ ಹೆಸರಿನ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆಯು ಮರುವರ್ಷ ಪ್ರಾರಂಭವಾಯಿತು. ಮಾರಿಕಣಿವೆಯ ಜಲಾಶಯವು ಅವರ ನಿಧನದ ಹಿಂದಿನ ವರ್ಷ, 1933ರಲ್ಲಿ, ತುಂಬಿ ಕೋಡಿ ಹರಿದಿತ್ತು. ಆ ನಂತರ ಅದು ಮತ್ತೆ ಕೋಡಿ ಬಿದ್ದುದು 89 ವರ್ಷಗಳ ಬಳಿಕ, 2022ರಲ್ಲಿ.